ಐದನೆಯ ಸೆಟ್ಟು

ಡಂಡೀ ಊರಿನ ವೃದ್ಧಾಶ್ರಮದಲ್ಲಿ
ಬುಧವಾರ ಬುಧವಾರ ನಾನು ಬಾಯಿ ನೋಡುವವಳು.
ಯೂಫೀಮಿಯಾ ಗೆಡ್ಡೀಸ್, ತೊಂಬತ್ತೊಂದು,
ಬಾಯಿ ತೆರೆಯುತ್ತಾಳೆ. ಸೆಟ್ಟು ಮಾತ್ರ ಬಿಚ್ಚಳು.

ಮೂರನೆಯ ಬುಧವಾರ, ಚಹಾ ಆರಿದ ಮೇಲೆ,
ಗೋಡೆಗೆ ತಿರುಗಿ ತಾನೇ ತೆಗೆದು ಕೊಟ್ಟಳು.
ಬೆಚ್ಚಗಿತ್ತು, ಆಗಷ್ಟೇ ಇಟ್ಟ ಮೊಟ್ಟೆಯ ಹಾಗೆ.
ಅಂಗುಳು ಕೆಂಪು.
ಪ್ಲೇಟಿನ ಅಂಚು ಎಲ್ಲಿ ಮುಗಿಯುತ್ತದೋ
ಕೆಂಪೂ ಅಲ್ಲೇ ಮುಗಿದಿದೆ, ಸರ್ವೆ ಮಾಡಿ ಬೇಲಿ ಹಾಕಿದಂತೆ.

ಒಳಮೈಗೆ ಹತ್ತಿಕಡ್ಡಿ ಆಡಿಸಿದೆ.
ಎರಡು ದಿನಕ್ಕೆ ಗಾಜಿನ ತಟ್ಟೆಯಲ್ಲಿ ಕೆನೆಬಣ್ಣದ ಚುಕ್ಕಿ:
ಬ್ರೆಡ್ಡು ಉಬ್ಬಿಸುವ ಯೀಸ್ಟಿನ ದಾಯಾದಿ,
ಜೊಲ್ಲು ಹರಿಯದ ಸಂದಿನಲ್ಲಿ
ಇರುಳಿಡೀ ಉಂಡು ಹೆತ್ತು ಹಬ್ಬಿದ್ದು.

‘ರಾತ್ರಿ ತೆಗೆದು ನೀರಲ್ಲಿಡಿ’ ಅಂದೆ.
‘ಡೂಗಲ್ ನನ್ನ ಬೊಚ್ಚುಬಾಯಿ ಕಂಡವನೇ ಅಲ್ಲ’ ಅಂದಳು.
ಡೂಗಲ್ ಹೋಗಿ ಹದಿನಾರು ವರ್ಷ.

ಇಪ್ಪತ್ತಕ್ಕೆ ಅವಳ ಅಪ್ಪ ಕೊಟ್ಟ ಬಳುವಳಿ ಅದು:
ಇದ್ದಬದ್ದ ಹಲ್ಲೆಲ್ಲ ಕೀಳಿಸಿದ,
ಅಳಿಯನಿಗೆ ಮುಂದೆ ಖರ್ಚು ಬೀಳದಿರಲಿ ಎಂದು.
ವಸಡು ಮಾಯಲು ಮೂರು ತಿಂಗಳು.
ಸಣಬಿನ ಗಿರಣಿಯ ಸದ್ದಿನಲ್ಲಿ ಹೆಂಗಸರು
ತುಟಿ ನೋಡಿ ಮಾತು ಕೇಳುತ್ತಿದ್ದ ಕಾಲ;
ಶಾಲು ಮುಚ್ಚಿದ ಬಾಯಿ
ಚಳಿಗಾಲ ಪೂರ್ತಿ ಮೂಗಿಯಾಗಿತ್ತು.

ಅದೇ ಚಳಿಗಾಲ ಇನ್ನೂ ಕೆಲವರು ಊರು ಬಿಟ್ಟಿರಬೇಕು.
ಕೆನ್ನೆಯ ಒಳಚರ್ಮ ದಿನವೂ ಉದುರುತ್ತದೆ, ಅಲ್ಲಿ ಮನೆ ನಿಲ್ಲದು;
ಕೆಲವು ಜೀವಕ್ಕೆ ಬಂಡೆಯೇ ಬೇಕು, ಹಲ್ಲೇ ಬೇಕು.
ಹಲ್ಲು ಹೋದರೆ ಹೋಗುತ್ತವೆ.
ಕಟ್ಟಿಸಿದ ಹಲ್ಲು ಬಂದರೆ, ವಿಚಿತ್ರ, ಮರಳುತ್ತವೆ.
ಅಸಲಿ ನಕಲಿ ಎಂದು ಕೇಳುವುದಿಲ್ಲ,
ಗಟ್ಟಿಯಿದೆಯೇ, ಅಷ್ಟೇ.

ಎಲ್ಲಿಂದ ಬರುತ್ತವೆ?
ನಾಲಿಗೆಯ ಮಡಿಕೆಯಿಂದ ಇರಬಹುದು.
ಅಥವಾ, ಅಂದೆ ಹೇಳಲೋ ಬೇಡವೋ ಎನ್ನುತ್ತ,
ಮದುವೆಯ ರಾತ್ರಿ ಡೂಗಲ್ಲನ ಎಂಜಲಿನಿಂದ.

ಅವಳು ಸುಮ್ಮನಾದಳು. ಕಿಟಕಿಯಾಚೆ ಟೇ ನದಿ,
ಮೇಲೊಂದು ರೈಲು.
‘ಹಾಗಾದರೆ ನೀನು ಉಜ್ಜುವುದು ಅವನನ್ನೇ?’
‘ಎಷ್ಟು ಉಜ್ಜಿದರೂ ಪೂರ್ತಿ ಹೋಗುವುದಿಲ್ಲ,
ನಾಳೆ ಗಂಜಿ ಮುಗಿಯುವಷ್ಟರಲ್ಲಿ ಮತ್ತೆ ಕೂತಿರುತ್ತವೆ.’

ಲೋಟ ಚಾಚಿದಳು.
‘ಹಾಕು. ತಡೆ,
ಮೊದಲು ಆ ಫೋಟೋ ಆಚೆ ತಿರುಗಿಸು.’