ನೂರಕ್ಕೆ ಮೂರು

ಸೊಂಟದ ಹಿಂದಿನ ಎಲುಬಿಗೆ ಸೂಜಿ ಇಳಿಸುವಾಗ
ನಾನು ಕೇಳಿದ್ದು, ಇದು ಎಷ್ಟನೇ ನಂಬರಿಂದು?
ಡಾಕ್ಟರ್ ಜುಬೈದಾ ನಕ್ಕರು.
ಬಲೆ ಕಟ್ಟುವವಳಿಗೆ ಬೇರೇನು ಕೇಳಲು ಬರುತ್ತದೆ.

ಬಂದದ್ದು ಎರಡು ಚಮಚ,
ಬಂಗುಡೆಯ ಕಿವಿರಿನ ಬಣ್ಣ, ನಡುವೆ ಜಿಡ್ಡಿನ ಕಾಳು.
ಒಂದು ಚಮಚ ನನ್ನ ಕಾಯಿಲೆಯ ಪರೀಕ್ಷೆಗೆ,
ಇನ್ನೊಂದು, ನಾನು ಸಹಿ ಹಾಕಿದರೆ,
ಇಲಿಗೆ.

ಇಲಿಗಾ?

ಬಿಳೀ ಇಲಿ, ಅಂದರು, ಅಂಗೈಯಷ್ಟು.
ಹೊರಗಿನವರನ್ನು ಓಡಿಸುವ ಶಕ್ತಿ ಹುಟ್ಟಿನಿಂದಲೇ ಇಲ್ಲ.
ಯಾರು ಹೊಕ್ಕರೂ ಇರು ಅನ್ನುವ ಮೈ.
ಬಾಗಿಲಿಲ್ಲದ ನಮ್ಮ ಬಲೆ ಶೆಡ್ಡಿನ ಹಾಗೆ, ಅಂದೆ.
ಸಹಿ ಹಾಕಿದೆ.

ಐಸ್ ಡಬ್ಬಿಯಲ್ಲಿ ಹೋಯಿತು ನನ್ನ ಮಜ್ಜೆ,
ರಾತ್ರಿ ಬಸ್ಸಿನಲ್ಲಿ, ಡ್ರೈವರನ ಸೀಟಿನ ಹಿಂದೆ.
ಇಪ್ಪತ್ತೆರಡು ವರ್ಷ ಐಸ್ ತುಂಬಿ ಕಳಿಸಿದ್ದೇನೆ
ಮಡಗಾವಿಗೆ ಶೆಟ್ಲಿ, ಇಸ್ವಣ;
ಯಾರ ತಟ್ಟೆಗೆ ಬಿತ್ತೆಂದು ಒಮ್ಮೆಯೂ ವಿಚಾರಿಸಿದವಳಲ್ಲ.
ಈ ಡಬ್ಬಿಯನ್ನು ವಿಚಾರಿಸಿದೆ, ವಾರಕ್ಕೆರಡು ಸಲ.

ಜೂನಿನಲ್ಲಿ ಬೋಟುಗಳನ್ನು ಕಟ್ಟಿಹಾಕಿದರು.
ಬೈತಖೋಲದ ಶೆಡ್ಡುಗಳಿಗೆಲ್ಲ ಹೆಗ್ಗಣ.
ಉಲ್ಲಾಸ ಬೋನಿಗೆ ಒಣ ತಾರ್ಲೆ ಸಿಕ್ಕಿಸಿ ಇಟ್ಟ.
ಅವತ್ತೇ ಫೋನು ಬಂತು.

ಹನ್ನೊಂದರಲ್ಲಿ ಒಂಬತ್ತಕ್ಕೆ ಹತ್ತಲಿಲ್ಲ.
ನಿಮ್ಮ ಕಾಯಿಲೆಯ ಮಜ್ಜೆ ಹಾಗೇ, ಬೇರೆ ಮೈಯಲ್ಲಿ ನಿಲ್ಲುವುದು ಕಷ್ಟ.
ಎರಡರಲ್ಲಿ ನಿಂತಿದೆ.
ಒಂದರ ರಕ್ತದಲ್ಲಿ ನೂರಕ್ಕೆ ಮೂರು ಕಣ ನಿಮ್ಮವು.

ನೂರಕ್ಕೆ ಮೂರು.
ಹರಾಜುಕಟ್ಟೆಯ ದಲಾಲಿ ಅದಕ್ಕಿಂತ ಹೆಚ್ಚು ಹಿಡಿಯುತ್ತಾನೆ.

ಅದಕ್ಕೂ ನಾಲ್ಕು ಮೆಟ್ಟಿಲಿಗೆ ದಮ್ಮು ಬರುತ್ತದಾ?
ಮುಟ್ಟಿದಲ್ಲಿ ನೀಲಿ ಕಟ್ಟುತ್ತದಾ?
ಇಲ್ಲ, ಅಂದರು. ಅಷ್ಟಕ್ಕೆ ಏನೂ ಗೊತ್ತಾಗಲಿಕ್ಕಿಲ್ಲ.
ಆಮೇಲೆ, ಸ್ವಲ್ಪ ತಡೆದು, ಬಹುಶಃ.
ಅದರಿಂದ ನನಗೆ ಔಷಧಿ ಸಿಗುತ್ತದಾ?
ನಿಮಗಲ್ಲ.
ಸುಳ್ಳು ಹೇಳಲಿಲ್ಲ ಜುಬೈದಾ. ಅದಕ್ಕೇ ಫೋನು ಇಡಲು ಮನಸ್ಸಾಗಲಿಲ್ಲ.

ರಾತ್ರಿ ಬೋನು ಟಪ್ಪೆಂದಿತು.
ಬ್ಯಾಟರಿ ಬಿಟ್ಟು ನೋಡಿದೆ: ಕಂದು ಮೈ, ಬಾಲ ಹೊರಗೆ,
ಹಲ್ಲಿನ ಸಂದಿಯಲ್ಲಿ ನನ್ನದೇ ಬಲೆಯ ನೀಲಿ ನೈಲಾನು.
ಕಣ್ಣು ಮಾತ್ರ ಸರಿಯಾಗಿ ನೋಡಿದೆ.
ಇಲ್ಲ, ಇದರಲ್ಲಿ ನಾನಿಲ್ಲ.
ಇದು ನೂರಕ್ಕೆ ನೂರು ಇದೇ.
ಉಲ್ಲಾಸ ಬೋನನ್ನು ಧಕ್ಕೆಯ ನೀರಿಗೆ ಇಳಿಸಿದ.
ತಡೆಯಲಿಲ್ಲ. ಆದರೆ ಹಗ್ಗ ಮೇಲೆಳೆಯುವ ತನಕ
ನಾನೂ ಉಸಿರು ಬಿಟ್ಟಿರಲಿಲ್ಲ.

ತೂತು ಕಟ್ಟುತ್ತಾ ಕೂತೆ, ನಿದ್ದೆ ಹೋಗಿತ್ತು.
ದಾರ ಕತ್ತರಿಸುವ ಚೂರಿ ಬೆರಳಿಗೆ ತಾಗಿತು,
ರಕ್ತ ನಿಲ್ಲಲು ಈಗೀಗ ಬಹಳ ಹೊತ್ತು.
ಎಲ್ಲೋ ಒಂದು ಪಂಜರದಲ್ಲಿ
ಮರದ ಹೊಟ್ಟು ಕೆದರುತ್ತಾ ಎಚ್ಚರವಿರಬಹುದು ಒಬ್ಬಳು,
ಮೂರು ಪಾಲು ಬೈತಖೋಲದವಳು,
ಒಣಮೀನಿನ ವಾಸನೆಯನ್ನೇ ಕಾಣದವಳು.