ಹಿಂದಿನ ಗುಂಡಿ

ಪರದೆಯ ಮೇಲಿನ ಪುಟ್ಟ ಕೈಗಡಿಯಾರ
ಮುಳ್ಳು ಅಲುಗಿಸಿ ಹತ್ತು ನಿಮಿಷವಾಯಿತು.
ಕೀಲಿ ಕುಟ್ಟಿದರೂ ಉಹುಂ.

"ಸತ್ತಿತು ಬಿಡು ಸಾಲ್ವೋರ್, ತಂತಿ ಕಿತ್ತು ಮತ್ತೆ ಹಚ್ಚು."
ಬಾಗಿಲಲ್ಲಿ ಹಾಫ್ಲಿದಿ,
ಮೀನುಮಂಜು ಇನ್ನೂ ಕರಗದ ಏಪ್ರನ್ನಿನಲ್ಲಿ.
ಅವನ ದೋಣಿಯ ಎಂಜಿನ್ನಿಗೂ ಇದೇ ಮದ್ದು.

ಸತ್ತಿಲ್ಲ ಮಾರಾಯ. ಸತ್ತದ್ದು ಹೀಗೆ ಬೆಚ್ಚಗಿರುವುದಿಲ್ಲ.
ನೆತ್ತಿಯ ಮೇಲೆ ಅಂಗೈ ಇಟ್ಟು ನೋಡು,
ಒಳಗೆಲ್ಲೋ ಗಾಣದೆತ್ತು ಸುತ್ತುತ್ತಿದೆ,
ಎಣ್ಣೆಯಿಲ್ಲ, ಹಿಂಡಿಯಿಲ್ಲ, ಬರೀ ಸುತ್ತು.

ಎಡಮಗ್ಗುಲಿಗೆ ಎರಡು ಪ್ಲಾಸ್ಟಿಕ್ ಗುಂಡಿ.
ಖರೀದಿಸಿದ ದಿನ ಪೆಟ್ಟಿಗೆಯ ತಳದ ಚೀಲದಲ್ಲಿದ್ದದ್ದು,
ಹೆಚ್ಚಿನವರು ರಟ್ಟಿನ ಜೊತೆ ಬಿಸಾಡುತ್ತಾರೆ.
ಮುಂದಿನದನ್ನು ಒತ್ತಿದರೆ ಎಲ್ಲ ಮರೆತು
ಹಸುಳೆಯ ಹಾಗೆ ನಗುತ್ತ ಏಳುತ್ತದೆ;
ಏನಾಗಿತ್ತೋ ಎಂದರೆ ಏನೂ ಗೊತ್ತಿಲ್ಲ.
ಹಿಂದಿನದು ಹಾಗಲ್ಲ.
ಹೆಗಲು ಮುಟ್ಟುತ್ತದೆ ಅಷ್ಟೆ:
ನಿಲ್ಲು. ಎಲ್ಲಿದ್ದೀಯ?

ಒತ್ತಿದೆ.
ಗಡಿಯಾರ, ಕಿಟಕಿ, ಮೀನಿನ ಲೆಕ್ಕ ಎಲ್ಲ ಅಳಿಸಿ
ಅಂಕೆ ಅಕ್ಷರಗಳ ಸಾಲು.
ನನಗೆ ಬೇಕಾದದ್ದು ನಿಂತ ಜಾಗದ ವಿಳಾಸ.
ಹೋಗು ಎಂದೆ, ಮತ್ತೆ ಒತ್ತಿದೆ. ಅದೇ ಓಣಿ.
ಹೋಗು ಎಂದೆ, ಒತ್ತಿದೆ. ಮೂರೇ ಮನೆಯ ಓಣಿ:
ತಕ್ಕಡಿಯನ್ನು ಕೇಳು. ಉತ್ತರ ಬಂತೇ?
ಇಲ್ಲವಾದರೆ ಮತ್ತೆ ಕೇಳು.

ನವೆಂಬರಿನಲ್ಲಿ ನಾನೇ ಬರೆದ ಸಾಲುಗಳು.
ಎಷ್ಟು ಹೊತ್ತು ಕಾಯಬೇಕೆಂದು ಹೇಳಿರಲಿಲ್ಲ.
ಹೇಳದಿದ್ದರೆ ಅದು ಕಾಯುತ್ತದೆ,
ಬೈಯದೆ, ಎದ್ದು ಹೋಗದೆ,
ಸೆಕೆಂಡಿಗೆ ಸಾವಿರಾರು ಸಲ ಬಾಗಿಲು ತಟ್ಟುತ್ತ.

ಕೆಳಗಿಳಿದೆ. ಜನವರಿಯ ಮಧ್ಯಾಹ್ನ,
ಸೂರ್ಯ ಬೆಟ್ಟ ಹತ್ತಲು ಇನ್ನೂ ಒಂದು ವಾರ,
ಈಸಾಫ್ಯೋರ್ದುರಿನ ದೀಪಗಳೆಲ್ಲ ಉರಿಯುತ್ತಿದ್ದವು.
ನೆಲ ತೊಳೆಯುವ ಗ್ರಾಝಿನಾ
ತಕ್ಕಡಿಯ ಪ್ಲಗ್ಗು ಕಿತ್ತು ಟೇಪ್ ರೆಕಾರ್ಡರ್ ಹಚ್ಚಿದ್ದಳು.
ಗ್ದಿನ್ಯಾದಿಂದ ತಂಗಿ ಮಾತಾಡಿ ಕಳಿಸಿದ ಕ್ಯಾಸೆಟ್ಟು.
ಪೋಲಿಷ್ ನನಗೆ ಬಾರದು.
ಪ್ರಶ್ನೆಯ ಏರುದನಿ ಮಾತ್ರ ತಿಳಿಯುತ್ತದೆ:
ಅದು ಬಂದಾಗಲೆಲ್ಲ ಒರೆಸುವ ಕೋಲು ನಿಲ್ಲಿಸಿ
ಗ್ರಾಝಿನಾ ಉತ್ತರ ಹೇಳುತ್ತಾಳೆ,
ಮುಗಿಸುವಷ್ಟರಲ್ಲಿ ತಂಗಿ ಬೇರೆ ವಿಷಯಕ್ಕೆ ಹೋಗಿರುತ್ತಾಳೆ.

"ಏನಾಯ್ತು?" ಮೇಲಿಂದ ಹಾಫ್ಲಿದಿ.
ಬಂದೆ, ತಡಿ, ಎಂದೆ, ಮೆಲ್ಲಗೆ.

ಟೇಪಿನ ಆ ಬದಿ ಮುಗಿದು ಟಕ್ಕೆನ್ನುವವರೆಗೆ
ಒದ್ದೆ ಮೆಟ್ಟಿಲ ಮೇಲೆ ನಿಂತಿದ್ದೆ,
ಪ್ಲಗ್ಗು ಕೈಗೆಟುಕುವಷ್ಟು ಹತ್ತಿರದಲ್ಲಿ.