ಟಾರ್ಪಾಲಿನ ಮಡಿಕೆ

ನಾನು ದಾವಣಗೆರೆಯಿಂದಾಚೆ ಹೋದವನಲ್ಲ.
ಸಾಗರ ರಸ್ತೆಯ ಲಾರಿ ಶೆಡ್ಡುಗಳ ಸಾಲಿನಲ್ಲಿ
ತಗಡಿನ ಕೆಳಗೆ ಕಾಲು ಮಡಿಚಿ ಕೂತು
ದಬ್ಬಳಕ್ಕೆ ಮೇಣದ ಹುರಿ ಪೋಣಿಸುತ್ತ
ಇಪ್ಪತ್ತೆಂಟು ವರ್ಷ.
ಆದರೂ ನಾಗಪುರದ ಮೇ ತಿಂಗಳು ಹೇಗಿರುತ್ತದೆಂದು
ನನ್ನ ಹೆಬ್ಬೆರಳಿಗೆ ಗೊತ್ತು:
ಮಡಿಕೆ ಬಿಚ್ಚಿದರೆ ಹಪ್ಪಳದ ಸದ್ದು,
ದಾರ ಎಳೆದರೆ ಹಿಟ್ಟು.

ಚುರು ಎಂಬ ಊರು ಎಲ್ಲಿದೆಯೋ.
ಅಲ್ಲಿಂದ ಬಂದ ಟಾರ್ಪಾಲಿನ ಅಂಚು ಕೊಡವಿದರೆ
ಸೇರು ಮರಳು, ಗೋಧಿ ಬಣ್ಣದ್ದು, ನುಣ್ಣಗೆ.
ಮಗಳು ಅದನ್ನು ಶರಬತ್ತಿನ ಬಾಟಲಿಗೆ ತುಂಬಿಟ್ಟಿದ್ದಾಳೆ.
ಲೂಧಿಯಾನದ ನವೆಂಬರು ಒದ್ದೆಯೂ ಅಲ್ಲ, ಒಣಗಿದ್ದೂ ಅಲ್ಲ,
ಸುಟ್ಟ ಕೂಳೆಯ ವಾಸನೆ ಕುಡಿದ ಮಂಜು.
ಗುವಾಹಟಿಯದು ಬೂಷ್ಟು, ಹಸಿರಿಗಿಂತ ಕರಿ.
ಚೆನ್ನೈಯದು ಹಿತ್ತಾಳೆ ಕಣ್ಣುಗಳ ಸುತ್ತ ಕಟ್ಟಿದ ಕಿಲುಬು,
ನಾಲಿಗೆಗೆ ತಾಗಿಸಿದರೆ ಉಪ್ಪು.
ಹೌದು, ತಾಗಿಸಿ ನೋಡುತ್ತೇನೆ.
ಕಸುಬು.

ಕಾಯುವ ಡ್ರೈವರುಗಳು ಚಹಾ ಕುಡಿಯುತ್ತ ಜಗಳವಾಡುತ್ತಾರೆ.
"ಸ್ಟೇರಿಂಗು ಮುಟ್ಟಿದ್ರೆ ಬೊಬ್ಬೆ ಏಳ್ತದೆ ಅಲ್ಲಿ."
"ಹೋಗಲೋ, ನಾನಿದ್ದ ಕಡೆ ಡೀಸೆಲ್ಲೇ ತುಪ್ಪ ಕಟ್ಟಿತ್ತು."
ಲಾರಿಯ ಹಣೆಯ ಮೇಲೆ ನ್ಯಾಷನಲ್ ಪರ್ಮಿಟ್ ಎಂದು
ಒಂದೇ ಬಣ್ಣದಲ್ಲಿ ಬರೆದಿರುತ್ತದೆ.
ಬಟ್ಟೆಗೆ ಓದು ಬಾರದು.

ದೇಶದ ಮಾತು ಬಿಡಿ,
ಈ ಜಿಲ್ಲೆಯೇ ಒಂದು ಮಾತಿನಲ್ಲಿ ನಿಲ್ಲುವುದಿಲ್ಲ.
ಆರಿದ್ರೆಯಲ್ಲಿ ಹೊಸನಗರದಿಂದ ಇಳಿದ ಲಾರಿ
ನೆತ್ತಿಯ ಮೇಲೊಂದು ಕೆರೆ ಹೊತ್ತು ತರುತ್ತದೆ.
ಹೊನ್ನಾಳಿ ಕಡೆಯಿಂದ ಬಂದದ್ದು ಅದರ ಪಕ್ಕದಲ್ಲೇ ನಿಂತು
ಧೂಳು ಕೊಡವುತ್ತದೆ.
ನಡುವೆ ನಾನು:
ಎಡ ಮೊಣಕಾಲು ಕೆಸರು, ಬಲ ಮೊಣಕಾಲು ಬೂದಿ.

ಹೋದ ವರ್ಷ ಮೇ ಕೊನೆಗೆ ತಿಪ್ಪೇಶಿ ಬಂದ.
"ನಾಗಪುರ, ಮೇಸ್ತ್ರಿ. ನಲವತ್ತಾರು ಡಿಗ್ರಿ.
ಲೋಡು ಸಿಗದೆ ಹದಿನೇಳು ದಿನ ಅಲ್ಲೇ ಬೆಂದೆ."
ಬಿಚ್ಚಿದೆ.
ಹಪ್ಪಳದ ಸದ್ದು ಬರಲಿಲ್ಲ.
ನಿದ್ದೆಗಣ್ಣಿನ ಮಗುವಿನ ಹಾಗೆ ಮೆತ್ತಗೆ, ಭಾರವಾಗಿ
ತೊಡೆಯ ಮೇಲೆ ಜಾರಿತು ಬಟ್ಟೆ.
ಕಣ್ಣುಗಳಲ್ಲಿ ಕಿಲುಬು.
ಅಂಚಿನ ಮಡಿಕೆಯೊಳಗೆ ಒಂದೇ ಒಂದು ಮೀನಿನ ಹುರುಪೆ,
ಕನ್ನಡಿ ಚೂರಿನಂತೆ.
ಮತ್ತೆ, ಹರಿದ ಕಡೆ ಯಾರೋ ಹಾಕಿದ ತೇಪೆ.
ಲಂಗದ ಬಟ್ಟೆ, ಸಣ್ಣ ನೀಲಿ ಹೂ.
ಒತ್ತೊತ್ತು ಹೊಲಿಗೆ, ಅವಸರವಿಲ್ಲದ ಕೈ,
ನನಗಿಂತ ಚೆನ್ನಾಗಿ.

ನಾನು ತಲೆ ಎತ್ತಲಿಲ್ಲ.
ಅವನು ಲೋಟದೊಳಗಿಂದ ಕಣ್ಣು ತೆಗೆಯಲಿಲ್ಲ.
"ಬಿಸಿಲು ಜೋರು" ಅಂದೆ.
"ಜೋರು" ಅಂದ.

ಮೂರನೆಯ ದಿನ ಅವನ ಹೆಂಡತಿ ದಾಕ್ಷಾಯಿಣಿ ಬಂದಳು,
ಬಾಕಿ ಕೊಡುವ ನೆಪ.
ಮಡಿಚಿಟ್ಟ ಟಾರ್ಪಾಲಿನ ಮೇಲೆ ಅಂಗೈ ಆಡಿಸುತ್ತ
"ಇದು ಎಲ್ಲೆಲ್ಲಿ ಇದ್ದು ಬಂತು ಅಂತ
ನಿಮಗೆ ಗೊತ್ತಾಗುತ್ತಂತೆ, ಹೌದಾ?"
ತಗಡಿನ ಮೇಲೆ ಆಗಲೇ ನಾಲ್ಕು ಹನಿ.
ರೋಹಿಣಿ ಮಳೆ, ನಂಬುವ ಹಾಗಿಲ್ಲ.
"ನಮ್ಮೂರ ತೇವ ಒಮ್ಮೆ ಹತ್ತಿತು ಅಂದ್ರೆ
ಹಿಂದಿನದು ಏನೂ ತಿಳಿಯೋದಿಲ್ಲಮ್ಮ."

ನೀಲಿ ಹೂವಿನ ಮೇಲೆ ದಪ್ಪ ಖಾಕಿ ಹೊದಿಸಿ ಹೊಲಿದಿದ್ದೆ.
ಕಿತ್ತಿರಲಿಲ್ಲ.
ಅಂಥ ಹೊಲಿಗೆಯ ಮೇಲೆ ಬ್ಲೇಡು ಇಡಲು ಕಸುಬು ಬಿಡಲಿಲ್ಲ.
ಅವಳ ಬೆರಳು ಅಲ್ಲೇ ಹೋಗಿ ನಿಂತಿತು.
"ಇಲ್ಲಿ ಯಾಕೆ ಎರಡು ಪದರ?"
"ನೀರು ನಿಲ್ಲೋ ಜಾಗ" ಅಂದೆ.
ಅದೇನು ಪೂರ್ತಿ ಸುಳ್ಳಲ್ಲ.

ಸೆರಗು ತಲೆಗೆಳೆದುಕೊಂಡು
ಮುನ್ನೂರ ನಲವತ್ತು ರೂಪಾಯಿ ಎಣಿಸಿ ಕೊಟ್ಟಳು.
ರಸ್ತೆಯ ಈ ಮಗ್ಗುಲು ಮಳೆ, ಆ ಮಗ್ಗುಲು ಒಣ ಡಾಂಬರು.
ಅವಳು ಯಾವ ಕಡೆ ನಡೆದಳೋ ನೋಡಲಿಲ್ಲ.

ಕೊನೆಯ ನಾಣ್ಯ ಒದ್ದೆಯಾಗಿತ್ತು.
ಅಂಗೈ ಬೆವರೋ, ರೋಹಿಣಿಯೋ, ಇನ್ನೇನೋ.
ನಾಲಿಗೆಗೆ ತಾಗಿಸಲಿಲ್ಲ.